ಕಂಡಕ್ಟ್ರಮ್ಮನ ಹೆಬ್ಬೆರಳು

ರಾಮನಗರ–ಮಾಗಡಿ ಬಸ್ಸಿನ ಕಂಡಕ್ಟರ್ ಶಿವಲಿಂಗಮ್ಮನ ಬಲಗೈ ಹೆಬ್ಬೆರಳಿಗೆ ಓದಕ್ಕೆ ಬರಲ್ಲ. ಶಿವಲಿಂಗಮ್ಮನಿಗೇನೋ ಚೆನ್ನಾಗೇ ಬರುತ್ತೆ. ದೊಡ್ಡಆಲಹಳ್ಳಿ ಸ್ಕೂಲಲ್ಲಿ ಕನ್ನಡಕ್ಕೆ ಯಾವಾಗಲೂ ಅವಳೇ ಫಸ್ಟು. ಆದರೆ ಹದಿನಾರು ವರ್ಷದಿಂದ ಟಿಕೆಟ್ ಮಿಷನ್ನಿನ ಮೇಲೆ ದಿನಕ್ಕೆ ಐನೂರು ಸಲ ಓಕೆ ಒತ್ತಿ ಒತ್ತಿ ಆ ಬೆರಳು ತನ್ನ ದಾರಿ ತಾನು ಹಿಡಿದಿದೆ. ಸ್ಕ್ರೀನ್ ಮೇಲೆ ಏನಾದರೂ ಮೂಡಿದರೆ ಸಾಕು, ಕಣ್ಣು ಓದೋದರೊಳಗೆ ಬೆರಳು ಒತ್ತಿ ಮುಗಿಸಿರುತ್ತೆ. ನಡೆದದ್ದಕ್ಕೆಲ್ಲ ಈ ಹಾಳು ಬೆರಳೇ ಕಾರಣ ಅಂತ ಅವಳು ಎಷ್ಟೋ ದಿನ ಅದನ್ನೇ ಬೈದುಕೊಂಡಳು. ಬೆರಳೊಂದನ್ನೇ ಬೈದರೆ ಸಾಲದು ಅಂತ ಆಮೇಲೆ ತಿಳಿಯಿತು.

ನಲವತ್ತೆರಡು ವರ್ಷದ ಹೆಂಗಸು. ಗಂಟಲು ಬಿಟ್ಟಳೆಂದರೆ ಬಸ್ಸಿಗೆ ಹಾರನ್ನೇ ಬೇಡ. "ಒಳಕ್ಕೆ ಹೋಗ್ರಪ್ಪಾ, ಬಾಗಿಲಲ್ಲೇನು ಹಬ್ಬ ಐತಾ?" ಅಂದರೆ ಮೀಸೆ ಹೊತ್ತ ಗಂಡಸರೂ ಕುರಿಮರಿ ಹಾಗೆ ಒಳಗೆ ಸರೀತಾರೆ. ಅಂಥವಳಿಗೂ ಒಂದು ಸಂಕಟವಿತ್ತು. ಅವಳ ಅವ್ವ ತೀರಿಕೊಂಡ ದಿನ ಅವಳು ಡ್ಯೂಟಿಯ ಮೇಲಿದ್ದಳು. ಟ್ರಿಪ್ಪು ಮುಗಿಸಿ ಊರು ಮುಟ್ಟೋ ಹೊತ್ತಿಗೆ ಎಲ್ಲ ಮುಗಿದಿತ್ತು. ಬಾಯಿಗೆ ಒಂದು ತೊಟ್ಟು ನೀರು ಬಿಡೋ ಭಾಗ್ಯವೂ ಸಿಗಲಿಲ್ಲ. ಅದನ್ನು ಯಾರ ಹತ್ತಿರ ಹೇಳಿಕೊಳ್ಳೋದು? ಜೊತೆಯ ಕಂಡಕ್ಟರ್ ಅಖ್ತರಿ ಒಂದು ದಿನ, "ಹೇಳಕ್ಕಾಗ್ದಿದ್ರೆ ಬರಿಯೇ, ಹೆಸರು ಹಾಕ್ಬೇಡ," ಅಂತ ಫೋನಿನಲ್ಲಿ ಒಂದು ಬ್ಲಾಗು ಮಾಡಿಕೊಟ್ಟಳು. ಶಿವಲಿಂಗಮ್ಮ ಅದಕ್ಕೆ 'ಕಡೇ ಸೀಟು' ಅಂತ ಹೆಸರಿಟ್ಟಳು. ಮಾಗಡಿ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲೋ ಮುಕ್ಕಾಲು ಗಂಟೆಯಲ್ಲಿ ಕಡೇ ಸೀಟಿನಲ್ಲೇ ಕೂತು ಬರೀತಿದ್ದಳು. ಓದೋರು ಮೂವತ್ತೋ ನಲವತ್ತೋ ಜನ, ಯಾವುದೋ ಊರಿನವರು. ಬರೆದವಳು ಯಾರಂತ ಅಖ್ತರಿ ಬಿಟ್ಟರೆ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಪ್ರತಿ ಬುಧವಾರ ಆಲದಮರದ ಸ್ಟಾಪಿನಲ್ಲಿ ತಿಮ್ಮಮ್ಮ ಹತ್ತುತ್ತಿದ್ದಳು. ಕುರಿ ಸಾಕೋ ಮನೆಯ ಹೆಂಗಸು, ಅರವತ್ತರ ಹತ್ತಿರದವಳು. ಕೈಯಲ್ಲಿ ಮುಚ್ಚಳ ನೆಗ್ಗಿದ ಮೂರು ಡಬ್ಬಿಯ ಕ್ಯಾರಿಯರ್. ಆಧಾರ್ ಕಾರ್ಡು ತೋರಿಸಿ ಫ್ರೀ ಟಿಕೆಟ್ ಇಸಕೊಂಡು, "ಬಿಪಿ ಮಾತ್ರೆಗೆ ಕಣವ್ವ," ಅನ್ನೋಳು, ಯಾರೂ ಕೇಳದಿದ್ದರೂ. ಮಾಗಡಿಯಲ್ಲಿ ಇಳಿದವಳು ಆಸ್ಪತ್ರೆ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ. ಸ್ಟ್ಯಾಂಡಿನ ಸಿಮೆಂಟು ಬೆಂಚಿನ ಮೇಲೆ ಅವಳ ಮಗಳು ನಯನ ಕಾದಿರುತ್ತಿದ್ದಳು. ಬೇರೆ ಜಾತಿಯ ಹುಡುಗನನ್ನು ಕಟ್ಟಿಕೊಂಡಳು ಅಂತ ಎರಡು ವರ್ಷದ ಹಿಂದೆ ಅಪ್ಪ ಚನ್ನಯ್ಯ, "ಅವ್ಳು ನಮ್ ಪಾಲಿಗಿಲ್ಲ," ಅಂದುಬಿಟ್ಟಿದ್ದ. ಮನೆಗಿದ್ದ ಒಂದೇ ಫೋನು ಅವನ ಜೇಬಿನಲ್ಲಿ. ಹೆಂಗಸರಿಗೆ ಬಸ್ಸು ಫ್ರೀ ಆದದ್ದೇ ತಿಮ್ಮಮ್ಮನಿಗೆ ದಾರಿಯಾಯಿತು. ಮುದ್ದೆ, ಉಪ್ಪೆಸರು, ಒಂದು ಡಬ್ಬಿ ಮೊಸರು ತಂದು, ಬೆಂಚಿನ ಮೇಲೆ ಮಗಳ ಬಾಯಿಗಿಟ್ಟು, ಅದೇ ಬಸ್ಸಿಗೆ ವಾಪಸ್ ಹೋಗುತ್ತಿದ್ದಳು.

ಮಗಳು ಬಸುರಿಯಾದ ಮೇಲೆ ಒಂದು ದಿನ ತಿಮ್ಮಮ್ಮ ಕಂಡಕ್ಟ್ರಮ್ಮನ ಹತ್ತಿರ ಬಾಯಿಬಿಟ್ಟಳು. "ಮದ್ವೆಗೆ ಅಂತ ಅವ್ಳ ಹೆಸ್ರು ಕೊರೆಸಿಟ್ಟ ಪಾತ್ರೆ ಅಟ್ಟದ ಮೇಲೆ ಅಂಗೇ ಕುಂತವೆ. ಮುಟ್ಟಂಗಿಲ್ಲ ಅಂತಾನೆ ಆವಯ್ಯ. ಈ ನೆಗ್ಗಿದ್ದರಲ್ಲಿ ತರ್ತೀನಿ."

ಅವತ್ತು ಶಿವಲಿಂಗಮ್ಮನಿಗೆ ತಡೆಯಲಾಗಲಿಲ್ಲ. ತನಗೆ ಕಡೇ ತುತ್ತು ಕೊಟ್ಟಿದ್ದ ಅವ್ವನ ಕೈ ನೆನಪಾಗಿ, ಕಣ್ಣೀರು ಹಾಕಿಕೊಂಡೇ ಬರೆದಳು. ತಿಮ್ಮಮ್ಮನನ್ನು ಗೌರಮ್ಮ ಮಾಡಿದಳು. ಊರಿನ ಹೆಸರು ಎತ್ತಲಿಲ್ಲ. ಆದರೆ ಬುಧವಾರ ಬರೆದಳು, ಬಿಪಿ ಮಾತ್ರೆಯ ನೆಪ ಬರೆದಳು, ಕುರಿ ಬರೆದಳು, ನೆಗ್ಗಿದ ಮುಚ್ಚಳ ಬರೆದಳು, ಬಸುರಿ ಮಗಳನ್ನೂ ಬರೆದಳು. ಆ ರೂಟಿನಲ್ಲಿ ಅಂಥ ಗೌರಮ್ಮಂದಿರು ಎಷ್ಟು ಜನ ಸಿಕ್ತಾರೆ ಹೇಳಿ! ಒಬ್ಬಳೇ.

ಅದಕ್ಕೆ ಒಂದು ವಾರದ ಹಿಂದಷ್ಟೇ ಅವಳು ಹೊಸ ಫೋನು ತಗೊಂಡಿದ್ದಳು. ಬ್ಲಾಗಿನ ಪಾಸ್‌ವರ್ಡು ಮರೆತಿತ್ತು. ನಿಮ್ಮ ಇನ್ನೊಂದು ಖಾತೆಯ ಮೂಲಕ ಒಳಗೆ ಬರ್ತೀರಾ ಅಂತ ಕೇಳಿತು, ಓಕೆ. ಬರೆದದ್ದನ್ನು ಅಲ್ಲಿಯೂ ತೋರಿಸಲಾ ಅಂತ ಕೇಳಿತು, ಓಕೆ. ಗೆಳೆಯರಿಗೆಲ್ಲ ತಿಳಿಸಲಾ ಅಂತ ಕೇಳಿತು, ಅದಕ್ಕೂ ಓಕೆ. ಮೂರು ಪ್ರಶ್ನೆಗೆ ಮೂರು ಸ್ಟಾಪಿನ ಟಿಕೆಟ್ ಹರಿದಂಗೆ. ಆ ಇನ್ನೊಂದು ಖಾತೆಯೋ, ಯೂನಿಫಾರ್ಮಿನ ಫೋಟೊ, ಸ್ವಂತ ಹೆಸರು ಹಾಕಿಕೊಂಡದ್ದು. ಅಲ್ಲಿ ಅವಳಿಗೆ ಸಾವಿರದಿನ್ನೂರು ಜನ ಗೆಳೆಯರು, ಅರ್ಧಕ್ಕರ್ಧ ಅದೇ ಬಸ್ಸಿನ ಪ್ಯಾಸೆಂಜರುಗಳು. ಯಾರು ಕೇಳಿದರೂ ಹೆಬ್ಬೆರಳು ಇಲ್ಲ ಅಂದದ್ದೇ ಇಲ್ಲವಲ್ಲ!

ಎರಡು ದಿನ ಕಳೆದು ಡ್ರೈವರ್ ಮುನಿಶಾಮಯ್ಯ ಸ್ಟೇರಿಂಗ್ ಒರೆಸುತ್ತ, "ಏನಮ್ಮಾ, ಬಲೇ ಬರ್ದಿದ್ದೀಯಲ್ಲ ಆ ಕ್ಯಾರಿಯರ್ ಅಜ್ಜಿದು! ನಮ್ಮನೆಯವ್ಳು ಓದಿ ಅತ್ಲು," ಅಂದ. ಶಿವಲಿಂಗಮ್ಮ ಫೋನು ತೆಗೆದು ನೋಡಿದಳು, ತನ್ನ ಹೆಸರು, ಫೋಟೊದ ಕೆಳಗೇ ಇತ್ತು ಅದು. ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲ ಅಳಿಸಿದಳು. ಅಷ್ಟರಲ್ಲಿ ಅದರ ಚಿತ್ರ ತೆಗೆದವರು ತೆಗೆದಿದ್ದರು, ಕಳಿಸಿದವರು ಕಳಿಸಿದ್ದರು. ತಿಮ್ಮಮ್ಮನ ಊರಿನ ಟೀ ಅಂಗಡಿಯಲ್ಲಿ ಯಾರೋ ಪುಣ್ಯಾತ್ಮರು ಚನ್ನಯ್ಯನಿಗೇ ಓದಿ ಹೇಳಿದ್ದರು.

ಮುಂದಿನ ಬುಧವಾರ ಆಲದಮರದ ಸ್ಟಾಪು ಬರಿದು. ಮಾಗಡಿಯ ಬೆಂಚಿನ ಮೇಲೆ ನಯನ ಎದ್ದು ನಿಂತು ಕೇಳಿದಳು: "ಅವ್ವ ಬರ್ಲಿಲ್ವಾ ಅಕ್ಕ?"

ಸುಳ್ಳು ಹೇಳಬಹುದಿತ್ತು. ಶಿವಲಿಂಗಮ್ಮ ಹೇಳಲಿಲ್ಲ. "ಬರಲ್ಲ ಕಣವ್ವ. ನನ್ನಿಂದಾನೇ," ಅಂತ ಎಲ್ಲ ಒಪ್ಪಿಸಿದಳು. ನಯನ ಬೈಯಲಿಲ್ಲ, ಅಳಲೂ ಇಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬಸ್ಸು ಹೊರಡೋವರೆಗೂ ಅಲ್ಲೇ ಕೂತಿದ್ದಳು. ಅದರ ಮುಂದಿನ ಬುಧವಾರವೂ ಕೂತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಶಿವಲಿಂಗಮ್ಮನಿಗೆ.

ವಾರದ ರಜೆಯಲ್ಲಿ ತಿಮ್ಮಮ್ಮನ ಮನೆಗೇ ಹೋದಳು. ತಿಮ್ಮಮ್ಮ ಬಾಗಿಲಲ್ಲೇ ನಿಂತಳು, ಒಳಗೆ ಬಾ ಅನ್ನಲಿಲ್ಲ.

"ತಪ್ಪಾಯ್ತು ಕಣಮ್ಮ. ಹೆಸ್ರು ಹಾಕಿರ್ಲಿಲ್ಲ. ಎಲ್ಲಾ ಅಳಿಸಾಕಿವ್ನಿ."

"ಅಂಗಡಿ ತಾವ ಕುಂತೋರ ಬಾಯಿಂದ ಅಳಿಸ್ತೀಯಾ? ನಿನ್ ತಾವ ನಾನು ಟಿಕೇಟ್ ಕೇಳ್ದೆ. ನನ್ ಕತೆ ಬರಿ ಅಂತ ಕೇಳುದ್ನಾ? ಒಸಿ ಮನ್ಸು ಹಗುರಾಗ್ಲಿ ಅಂತ ಹೇಳ್ಕಂಡೆ. ನನ್ ಮಗೀನ ಮೊಕ ನೋಡೋದ್ನೂ ಕಿತ್ಕಂಡ್ಬುಟ್ಟೆ."

ಶಿವಲಿಂಗಮ್ಮ, ಹೆಸರು ಬದಲಾಯಿಸಿದರೆ ಮುಗೀತು ಅಂದುಕೊಂಡಿದ್ದಳು. ಬೆರಳು ಓಕೆ ಒತ್ತಿದ್ದು ಆಮೇಲಿನ ಮಾತು. ಕೇಳದೆ ಬರೆದದ್ದು ತಾನೇ. ತನ್ನ ಸಂಕಟ ಇಳಿಸಿಕೊಳ್ಳೋಕೆ ಇನ್ನೊಬ್ಬಳ ಗುಟ್ಟನ್ನು ಕೈಗೆತ್ತಿಕೊಂಡಿದ್ದಳು. ಹಿಂತಿರುಗಿ ಹೊರಟಾಗ ಕುರಿದೊಡ್ಡಿಯ ಒಳಗಿನಿಂದ ಚನ್ನಯ್ಯ ತಲೆ ಎತ್ತದೆಯೇ ಕೇಳಿದ.

"ಅವ್ಳು ಬಸ್ರಿ ಅಂತ ಬರ್ದಿದ್ದೆಯಂತಲ್ಲ. ದಿಟವಾ?"

"ದಿಟ ಯಜಮಾನ್ರೇ. ಏಳು ತುಂಬ್ತಾ ಐತೆ."

ಅವನು ಒಂದು ಮರಿಯ ಕಾಲು ಹಿಡಿದುಕೊಂಡು ಹಾಗೇ ಕೂತ.

ಇನ್ನೂ ಎರಡು ಬುಧವಾರ ಹೋದವು. ಮೂರನೆಯ ಬುಧವಾರ ಆಲದಮರದ ಕೆಳಗೆ ಚನ್ನಯ್ಯ ನಿಂತಿದ್ದ. ಹತ್ತು ಮಾರು ಹಿಂದೆ ತಿಮ್ಮಮ್ಮ, ಮುಖದ ಮೇಲೆ ಸೆರಗು ಎಳೆದುಕೊಂಡು. ಬಸ್ಸು ನಿಂತಿತು. ಅವನು ಹತ್ತಲಿಲ್ಲ. ಟವೆಲಿನಲ್ಲಿ ಕಟ್ಟಿದ ಒಂದು ಗಂಟನ್ನು ಮೇಲಕ್ಕೆ ಚಾಚಿದ.

"ಇದುನ್ನ ಮಾಗಡೀಲಿ ಕೊಟ್ಬುಡು."

"ಯಾರ್ಗೆ ಯಜಮಾನ್ರೇ?" ಬಾಯಿ ತಪ್ಪಿ ಕೇಳಿಬಿಟ್ಟಳು.

"ಊರ್ಗೆಲ್ಲಾ ಗೊತ್ತೈತೆ, ನನ್ನ ಕೇಳ್ತೀಯಲ್ಲವ್ವ!" ಅಂದ. ಆಮೇಲೆ ದನಿ ತಗ್ಗಿಸಿದ. "ಪಾತ್ರೆ ವಾಪಸ್ ಬ್ಯಾಡ. ನಾನ್ ಕೊಟ್ಟೆ ಅಂತ ಯಾರ್ಗೂ ಹೇಳ್ಕೂಡ್ದು. ಅವ್ಳ್ಗೂವೆ."

ಶಿವಲಿಂಗಮ್ಮ ತಿಮ್ಮಮ್ಮನ ಕಡೆ ನೋಡಿದಳು. ತಿಮ್ಮಮ್ಮ ಮಾತ್ರ ಇವಳ ಮುಖ ನೋಡಲಿಲ್ಲ. ಹೋಗಲಿ ಬಿಡು, ಎಲ್ಲ ಒಳ್ಳೇದಕ್ಕೇ ಆಯ್ತಲ್ಲ ಅಂತ ಮುನಿಶಾಮಯ್ಯ ಆಮೇಲೆ ಸಮಾಧಾನ ಹೇಳಿದ. ಶಿವಲಿಂಗಮ್ಮನಿಗೆ ಅದು ಸಮಾಧಾನ ಅನ್ನಿಸಲಿಲ್ಲ. ದಾರಿಯುದ್ದಕ್ಕೂ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡೇ ಟಿಕೆಟ್ ಕೊಟ್ಟಳು. ಬಿಸಿ ಇನ್ನೂ ಆರಿರಲಿಲ್ಲ.

ಮಾಗಡಿಯಲ್ಲಿ ನಯನ ಬೆಂಚಿನ ಮೇಲಿದ್ದಳು. ಗಂಟು ಬಿಚ್ಚಿದಳು. ಒಳಗೆ ಫಳಫಳ ಹೊಳೆಯೋ ಹೊಸ ಕ್ಯಾರಿಯರ್, ಒಂದು ಗೀರೂ ಇಲ್ಲ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಮೂರು ಅಕ್ಷರ: ನಯನ.

ಹುಡುಗಿ ಆ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿದಳು.

"ಅಕ್ಕ, ಅಪ್ಪ ಕೊಟ್ರಾ?"

ಶಿವಲಿಂಗಮ್ಮನ ನಾಲಗೆ ತುದಿಗೆ ಎಲ್ಲ ಬಂದಿತ್ತು. ಆಲದಮರ, ಟವೆಲು, ತಗ್ಗಿದ ದನಿ. ಇಡೀ 'ಕಡೇ ಸೀಟು' ಬ್ಲಾಗಿನಲ್ಲಿ ಅದಕ್ಕಿಂತ ಚೆನ್ನಾದ ಕತೆ ಅವಳು ಬರೆದಿರಲಿಲ್ಲ. ಅವಳು ಎಲ್ಲವನ್ನೂ ನುಂಗಿಕೊಂಡಳು.

"ನಂಗೇನ್ ಗೊತ್ತವ್ವ. ಬಸ್ಸಲ್ಲಿ ಯಾರೋ ಕೊಟ್ರು," ಅಂದಳು. "ಪಾತ್ರೆ ಮಾತ್ರ ವಾಪಸ್ ಬ್ಯಾಡ್ವಂತೆ."