ಸೀಟ್ ಬೆಲ್ಟ್ ಹಾಕಿಕೊಂಡು ಬಂದ ಕಲ್ಲು

ನಾನು ಜೀಪು ಬಾಡಿಗೆಗೆ ಕೊಡುವುದು ಬದುಕಿರುವವರಿಗೆ. ಆ ಶನಿವಾರ ಮಾತ್ರ ಹಿಂದಿನ ಸೀಟಿನಲ್ಲಿ ಸಮಾಧಿ ಕಲ್ಲೊಂದನ್ನು ಕೂರಿಸಿಕೊಂಡು ನಮ್ಮ ಕ್ಯಾರಿಯಕೂ ದ್ವೀಪವನ್ನು ಈ ತುದಿಯಿಂದ ಆ ತುದಿಗೆ ದಾಟಿದೆ.

ಗ್ರೆನಡಾದಿಂದ ಬೆಳಗಿನ ಫೆರಿ ಬಂದಾಗ ಟಾಂಟಿ ಮೆರೀನಾ ಎಲ್ಲರಿಗಿಂತ ಕೊನೆಗೆ ಇಳಿದಳು. ವಯಸ್ಸಾದ ಹೆಂಗಸರೆಲ್ಲ ನಮಗೆ ಟಾಂಟಿಗಳೇ. ಅವಳ ಹಿಂದೆ ಇಬ್ಬರು ಬಿಳಿ ದುಪ್ಪಟಿ ಸುತ್ತಿದ ಕಲ್ಲನ್ನು ಹೊತ್ತು ತಂದರು. ಅದು ಅವಳ ಅವಳಿ ತಂಗಿ ಐಸಲಿನ್‌ಳ ಕಲ್ಲು. ಐಸಲಿನ್ ತೀರಿಕೊಂಡು ಎಂಟು ವರ್ಷವಾಗಿತ್ತು. ನಮ್ಮಲ್ಲಿ ಕಲ್ಲು ನಿಲ್ಲಿಸಲು ಅವಸರ ಮಾಡುವುದಿಲ್ಲ, ಸತ್ತವರು ಕನಸಿನಲ್ಲಿ ಬಂದು ಕೇಳುವವರೆಗೆ ಕಾಯುತ್ತೇವೆ.

"ಹಿಂದೆ ಡಿಕ್ಕೀಲಿ ಹಾಕೋಣ್ವಾ ಟಾಂಟಿ?"

"ನಿಮ್ಮಮ್ಮನ್ನ ಡಿಕ್ಕೀಲಿ ಹಾಕ್ಕೊಂಡು ಹೋಗ್ತೀಯೇನೋ ಆಸ್ವಿನ್? ಸೀಟಲ್ಲಿ ಕೂರ್ಸು. ಬೆಲ್ಟ್ ಹಾಕು."

ಹಾಕಿದೆ. ಟಾಂಟಿಯ ಬಾಯಿಗೆ ಎದುರಾಡಿ ಗೆದ್ದವರಿಲ್ಲ. ಮದುವೆಯಾಗಿ ದೊಡ್ಡ ದ್ವೀಪ ಗ್ರೆನಡಾ ಸೇರಿ, ಜಾಯಿಕಾಯಿ ಮಂಡಿಯಲ್ಲಿ ಕಾಯಿ ಆರಿಸುತ್ತಲೇ ಬೆನ್ನು ಬಗ್ಗಿಸಿಕೊಂಡವಳು. ಅವಳ ಬಟ್ಟೆಗೂ ಬೆರಳಿಗೂ ಆ ವಾಸನೆ ಅಂಟಿಕೊಂಡಿದೆ. ಐಸಲಿನ್ ಮಾತ್ರ ತಾವು ಹುಟ್ಟಿದ, ನಮ್ಮ ಪಕ್ಕದ ಪುಟ್ಟ ದ್ವೀಪ ಪೆಟಿ ಮಾರ್ಟಿನೀಕ್ ಬಿಟ್ಟು ಕದಲಲಿಲ್ಲ. ಅವಳದು ಮೆಲು ಮಾತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವ ಅಭ್ಯಾಸ.

ಗುಡ್ಡದ ದಾರಿ ಅರ್ಧ ಹತ್ತಿದ್ದೆವು. ಟಾಂಟಿ ಕಿಟಕಿಯಾಚೆ ನೋಡುತ್ತಲೇ, "ಫೆರೀಲಿ ಗಂಟು ಬಿಚ್ಚಿ ನೋಡ್ದೆ ಕಣೋ. ಕಲ್ಲಿನ ಮೇಲೆ ನನ್ನ ಹೆಸರಿದೆ" ಅಂದಳು.

ನಾನು ಬ್ರೇಕ್ ಒತ್ತಿದೆ. ಹಿಂದೆ ಕಲ್ಲು ಬೆಲ್ಟಿನೊಳಗೆ ಮುಂದಕ್ಕೆ ವಾಲಿ ಮತ್ತೆ ಒರಗಿಕೊಂಡಿತು.

"ಕೆತ್ತಿದವನು ಕುಡಿದಿದ್ನಾ?"

"ಅವನದೇನೂ ತಪ್ಪಿಲ್ಲ. ನಮಗೆ ಹೆಸರಿಡೋ ದಿನ ಇಬ್ಬರು ಹೆಂಗಸರು ಕೂಸುಗಳನ್ನ ಅದಲುಬದಲು ಎತ್ಕೊಂಡಿದ್ರು. ಪಾದ್ರಿ ತಲೆ ಮೇಲೆ ನೀರು ಹಾಕಿ ಹೆಸರಿಟ್ಟೇಬಿಟ್ರು. ಚರ್ಚಿನ ಲೆಕ್ಕಕ್ಕೆ ಅವಳೇ ಮೆರೀನಾ, ನಾನು ಐಸಲಿನ್. ಅಮ್ಮ ಅಂದ್ಳಂತೆ, ಅಲ್ಲಿ ಏನಾದ್ರೂ ಇರ್ಲಿ, ಮನೇಲಿ ನಾವು ಕರೆಯೋದೇ ಹೆಸರು ಅಂತ. ಈಗ ಅವಳ ಮಗ, ಆ ಪೆದ್ದ ಹಾರ್ಲನ್, ಚರ್ಚಿನ ಹೆಸರೇ ಕೆತ್ತಿಸಿದಾನೆ."

"ವಾಪಸ್ ಕಳ್ಸಿ ಬೇರೆ ಮಾಡಿಸಿದ್ರಾಯ್ತು."

"ಮನೆಗೆ ಹೊರಟ ಕಲ್ಲನ್ನ ಯಾರಾದ್ರೂ ವಾಪಸ್ ತಿರುಗಿಸ್ತಾರೇನೋ?"

ತಿರುಗಿಸುವುದಿಲ್ಲ, ನಿಜ. ನಾನು ಹೆದರಿದ್ದು ಇನ್ನೊಂದು ಕಾರಣಕ್ಕೆ. ಕಲ್ಲು ನಿಲ್ಲಿಸಿದ ಮೇಲೆ ಒಡಹುಟ್ಟಿದವರು ರಮ್ಮು, ನೀರು ಸುರಿದು ಕಲ್ಲಿನ ಮೇಲಿರುವ ಹೆಸರನ್ನು ಮೂರು ಸಲ ಕೂಗಬೇಕು. ಬದುಕಿರುವವಳು ತನ್ನ ಹೆಸರನ್ನು ತಾನೇ ಗೋರಿಯೊಳಕ್ಕೆ ಕೂಗಿದರೆ ಬರುವುದು ಯಾರು, ಹೋಗುವುದು ಯಾರು? ಗೇರ್ ಬದಲಿಸಿ ಜೀಪನ್ನು ಮತ್ತೆ ಗುಡ್ಡ ಹತ್ತಿಸಿದೆ.

"ವಾರಕ್ಕೊಂದು ಸಲ ಕನಸಲ್ಲಿ ಬರ್ತಾಳೆ ಅವಳು. ಬಾಗಿಲಲ್ಲಿ ನಿಂತು ಕೈ ಚಾಚಿ, ನಂದು ಕೊಡೇ ಅಂತಾಳೆ. ಚಿಕ್ಕಂದಿನಲ್ಲಿ ಕಸಿದುಕೊಂಡಿದ್ದ ಓಲೆ ತಂದು ಅವಳ ಗೋರಿ ಪಕ್ಕ ಹೂತೆ. ಹೋಗ್ಲಿಲ್ಲ. ಲಂಗ ಹೂತೆ. ಹೋಗ್ಲಿಲ್ಲ. ಕಲ್ಲು ಕೇಳ್ತಿದಾಳೆ ಅಂದ್ಕೊಂಡೆ. ನಂಗೆ ನಿದ್ದೆ ಬೇಕು ಆಸ್ವಿನ್."

ದ್ವೀಪದ ಆ ತುದಿಯ ವಿಂಡ್‌ವರ್ಡ್‌ ಊರಿನಲ್ಲಿ ಜೀಪು ಬಿಟ್ಟು ದೋಣಿ ಹತ್ತಿದೆವು. ಪೆಟಿ ಮಾರ್ಟಿನೀಕಿನ ಮನೆಯಲ್ಲಿ ಕಲ್ಲನ್ನು ಐಸಲಿನ್‌ಳ ಮಂಚದ ಮೇಲೆ ಮಲಗಿಸಿದರು. ಮೇಜಿನ ಮೇಲೆ ಅವಳಿಗೆಂದು ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಮೀನು, ಕೋಳಿ, ಎಲ್ಲ ಉಪ್ಪಿಲ್ಲದ್ದು; ಸತ್ತವರು ಉಪ್ಪು ಮುಟ್ಟುವುದಿಲ್ಲ. ಹಾರ್ಲನ್ ತಲೆ ತಗ್ಗಿಸಿ, "ದೊಡ್ಡಮ್ಮಾ, ಐಸಲಿನ್ ಅಂತಲೇ ಕೂಗ್ಬಿಡಿ, ಯಾರೂ ಏನೂ ಅನ್ನಲ್ಲ" ಅಂದ.

ಟಾಂಟಿ ಮಂಚದ ಅಂಚಿಗೆ ಕೂತು ದುಪ್ಪಟಿಯೊಳಗೆ ಕೈ ತೂರಿಸಿ ಅಕ್ಷರಗಳನ್ನು ಸವರುತ್ತಿದ್ದಳು. ಕೈ ನಿಂತಿತು.

"ಓಲೆ ಅಲ್ಲ, ಕಲ್ಲೂ ಅಲ್ಲ," ಅಂದಳು. "ಮೆರೀನಾ ಅಂತ ನೀರು ಬಿದ್ದದ್ದು ಅವಳ ತಲೆ ಮೇಲೆ. ಜೀವಮಾನವೆಲ್ಲ ಅವಳದನ್ನ ನಾನು ಉಟ್ಕೊಂಡು ತಿರುಗ್ದೆ."

ಬೇಡ ಅನ್ನಬೇಕೆನ್ನಿಸಿತು. ನಾನು ಬಾಡಿಗೆ ಜೀಪಿನವನು, ಕಲ್ಲು ಎತ್ತಲು ಕೈ ಕೊಟ್ಟೆ.

ಸಮುದ್ರದ ಪಕ್ಕದ ಗೋರಿಯಲ್ಲಿ ಅವಳು ಸುರಿದ ರಮ್ಮನ್ನು ಮರಳು ಹೀರಿಕೊಂಡಿತು. ಮೂರು ಸಲ ಕೂಗಿದಳು, ಜಾಯಿಕಾಯಿ ಮಂಡಿಯಲ್ಲಿ ಪಳಗಿದ ಗಂಟಲಿನಿಂದ. "ಮೆರೀನಾ! ಮೆರೀನಾ! ಮೆರೀನಾ! ತಗೊಳ್ಳೇ, ನಿಂದು ನೀನು ತಗೊ."

ಯಾರಿಗೂ ಏನೂ ಆಗಲಿಲ್ಲ. ಊಟ ಮಾಡಿದೆವು, ದೋಣಿಯಲ್ಲಿ ಹಿಂತಿರುಗಿದೆವು. ಬರುವಾಗ ಟಾಂಟಿ ಬೆಲ್ಟ್ ಹಾಕಿಕೊಂಡು ಹಿಂದಿನ ಸೀಟಿನಲ್ಲಿ, ಕಲ್ಲಿದ್ದ ಜಾಗದಲ್ಲಿ, ಮಗುವಿನ ಹಾಗೆ ನಿದ್ದೆ ಮಾಡಿದಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ ದಾರಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡು ಬಂದೆ.

ಜೆಟ್ಟಿಯಲ್ಲಿ ಅವಳು ಚೀಲ ಮರೆತು ಇಳಿದಳು. ನಾನು ಹಿಂದೆಯೇ ಓಡಿದೆ.

"ಟಾಂಟಿ ಮೆರೀನಾ!"

ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಅಕ್ಕಪಕ್ಕದವರೆಲ್ಲ ತಿರುಗಿದರು, ಅವಳು ಫೆರಿಯ ಕಡೆ ನಡೆಯುತ್ತಲೇ ಇದ್ದಳು. ಕೊನೆಗೆ ಮೆಲ್ಲಗೆ, ನನಗೇ ಕೇಳಿಸದಷ್ಟು ಮೆಲ್ಲಗೆ ಅಂದೆ.

"ಐಸಲಿನ್."

ಅವಳು ತಿರುಗಿದಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು.

ಐಸಲಿನ್‌ಳ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು ನಾನು. ಚೀಲ ಹಿಡಿದುಕೊಂಡು ಅಲ್ಲೇ ನಿಂತೆ, ಅದನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ.