ಮಾವನ ಮುಂದೆ ಆಡಿದ ಮಾತು

೧೯೭೯ರಲ್ಲಿ ನಾನು ಹಗರಿಬೊಮ್ಮನಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಬೆಳಿಗ್ಗೆ ಎಂಟಕ್ಕೆ ವಾರ್ಡು, ಒಂಬತ್ತಕ್ಕೆ ಹೊರರೋಗಿಗಳು. ಈ ಕ್ರಮ ತಪ್ಪಿದ್ದಿಲ್ಲ. ಒಂದು ಶನಿವಾರ ಕೋಗಳಿ ಕಡೆಯ ಹಳ್ಳಿಯಿಂದ ಕೆಂಚಪ್ಪ ಎಂಬ ಹಿರಿಯರು ಮಗ ಭರಮಪ್ಪನನ್ನು ಕರೆತಂದರು. ಸೊಸೆ ಗಂಗವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಬಾಗಿಲ ಬಳಿಯೇ ನಿಂತಳು.

ಅದಕ್ಕೆ ತಿಂಗಳ ಹಿಂದೆ ಶೇಂಗಾ ಚೀಲ ಹೇರಿದ್ದ ಗಾಡಿ ಮಗುಚಿ ಭರಮಪ್ಪನ ತಲೆಯ ಹಿಂಭಾಗಕ್ಕೆ ಪೆಟ್ಟಾಗಿತ್ತು. ದೊಡ್ಡಾಸ್ಪತ್ರೆಯಲ್ಲಿ ಗಾಯ ಮಾಯ್ದು ಮನೆಗೆ ಬಂದಿದ್ದ. ಉಣ್ಣುತ್ತಿದ್ದ, ನಡೆಯುತ್ತಿದ್ದ, ಬಂದವರೊಡನೆ ಮಾತನಾಡುತ್ತಿದ್ದ. ಹೆಂಡತಿ ರೊಟ್ಟಿ ತಂದರೆ ಮಾತ್ರ ತಟ್ಟೆ ತಳ್ಳುತ್ತಿದ್ದ.

"'ಯಾರವ್ವಾ ನೀನು, ನಮ್ಮ ಮನ್ಯಾಗ ನಿನಗೇನು ಕೆಲಸ' ಅಂತಾನ್ರಿ. ಆಕಿ ನಿನ್ನ ಹೇಣ್ತೀನ ಅಂದ್ರ ನಂಬವಲ್ಲ. ಗಾಳಿ ಬಡದೈತಿ ಅಂತಾರ ಕೆಲವರು. ಬ್ಯಾರೆ ಯಾವಾಕೀನೋ ನೋಡ್ಯಾನ, ನಾಟಕ ಮಾಡ್ತಾನ ಅಂತಾರ ಮತ್ತ ಕೆಲವರು. ಸೋಮವಾರ ಈಕಿ ಅಣ್ಣಂದಿರು ಬಂದು ಕರಕೊಂಡು ಹೋಗ್ತಾರ್ರಿ. ಹಿರೇರು ತೀರ್ಮಾನ ಮಾಡ್ಯಾರ" ಎಂದರು, ಮಗನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಬಂದಿದ್ದ ಕೆಂಚಪ್ಪ. ಹಾಗೆ ತವರಿಗೆ ಹೋದವಳು ಮತ್ತೆ ಬರುವುದು ಸುಲಭವಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಭರಮಪ್ಪನನ್ನು ಒಳಗೆ ಕರೆಸಿ ನಾನು ಪರೀಕ್ಷೆ ಆರಂಭಿಸಿದೆ. ಗೋಡೆಯ ಕ್ಯಾಲೆಂಡರಿನ ಅಕ್ಷರಗಳನ್ನು ಸರಾಗವಾಗಿ ಓದಿದ. ಬೀಗ, ಟಾರ್ಚು, ಕತ್ತರಿ, ತೋರಿಸಿದ್ದಕ್ಕೆಲ್ಲ ಹೆಸರು ಹೇಳಿದ. ದೃಷ್ಟಿ ಚೆನ್ನಾಗಿತ್ತು. ಆಮೇಲೆ ಕೆಂಚಪ್ಪನವರಿಗೆ ಸುಮ್ಮನಿರಲು ಸನ್ನೆ ಮಾಡಿ, ಅವರು ಯಾರೆಂದು ಕೇಳಿದೆ.

"ಯಾರೋ ಹಿರೇರು ಅದಾರ್ರಿ."

ಮುದುಕರಿಗೆ ತಡೆಯಲಾಗಲಿಲ್ಲ. "ಲೇ, ನಿಮ್ಮಪ್ಪ ಲೇ ನಾನು!"

ಭರಮಪ್ಪನ ಮುಖ ಅರಳಿತು. "ಅಪ್ಪಾ, ನೀನಾ? ಮೊದ್ಲ ಬಾಯಿ ಬಿಡಬಾರ್ದಾ?" ನನ್ನ ಕಡೆ ತಿರುಗಿ ಮೆಲ್ಲಗೆ ಅಂದ: "ಕಣ್ಣು, ಮೂಗು ಎಲ್ಲಾ ಕಾಣಸ್ತಾವ್ರಿ. ಕೂಡಿಸಿದ್ರ ಯಾರ ಮಾರೀನೂ ಆಗವಲ್ದು."

ನಾವು ನೋಡಿದ್ದನ್ನು ನೆನಪಿನೊಡನೆ ಜೋಡಿಸುವ ಭಾಗಗಳು ಮೆದುಳಿನಲ್ಲಿವೆ. ಅವುಗಳಿಗೆ ಅಸೋಸಿಯೇಷನ್ ಏರಿಯಾ ಎನ್ನುತ್ತಾರೆ. ಹಿಂಬದಿಯ ಆ ಭಾಗಕ್ಕೆ ಏಟಾದರೆ ಕಣ್ಣು ನೆಟ್ಟಗಿದ್ದರೂ ಮುಖದ ಗುರುತು ಹತ್ತದಿರಬಹುದು. ಇದರ ಹೆಸರು ಪ್ರೊಸೊಪಗ್ನೋಸಿಯಾ. ಪುಸ್ತಕದಲ್ಲಿ ಓದಿದ್ದೆ, ಕಂಡದ್ದು ಅದೇ ಮೊದಲು. ಉಳಿದವರು ಮಾತನಾಡಿಸುತ್ತಲೇ ಬರುತ್ತಿದ್ದುದರಿಂದ ದನಿಯಲ್ಲೇ ಅವರನ್ನು ಹಿಡಿದುಬಿಡುತ್ತಿದ್ದ. ಹಾಗಾದರೆ ಹೆಂಡತಿಯ ದನಿ?

"ಇವನು ಮನೆಗೆ ಬಂದ ಮೇಲೆ ಇವನ ಜೊತೆ ಮಾತನಾಡಿದ್ದೀಯೇನಮ್ಮ?" ಎಂದೆ. ಗಂಗವ್ವ ಸೆರಗನ್ನು ಇನ್ನಷ್ಟು ಎಳೆದುಕೊಂಡಳು. ಉತ್ತರ ಬಂದದ್ದು ಮಾವನಿಂದ.

"ಮಾವನ ಮುಂದ ಸೊಸಿ ಮಾತಾಡಂಗಿಲ್ರಿ ನಮ್ಮ ಮನ್ಯಾಗ. ಇವನ ಹಾಸಿಗಿ ಪಡಸಾಲ್ಯಾಗ ಹಾಕೀವಿ, ನಾನು ಬಾಜೂಕ ಇರ್ತೀನಿ. ಬೇಕಂದ್ರ ಈಗ ಹೊರಗ ಕುಂಡ್ರತೀನಿ."

"ನೀವು ಹೊರಗೆ ಹೋದರೆ ಇವತ್ತಿಗೇನೋ ಸಾಕು, ಆದರೆ ಮನೆಯಲ್ಲಿ ಈಕೆ ದಿನವೂ ಮಾತನಾಡಬೇಕಾಗುತ್ತದೆ" ಎಂದೆ.

ಕೆಂಚಪ್ಪ ಹೆಗಲ ಮೇಲಿನ ವಲ್ಲಿ ತೆಗೆದು ಮುಖ ಒರೆಸಿಕೊಂಡರು. ಕಡೆಗೆ, "ಮಾತಾಡವ್ವಾ, ನನ್ನ ಮುಂದನ ಮಾತಾಡು" ಎಂದರು.

ಗಂಗವ್ವ ಬಾಗಿಲು ಬಿಟ್ಟು ಗಂಡನ ಹತ್ತಿರ ಬಂದಳು. "ರೊಟ್ಟಿ ತಂದ್ರ ತಳ್ಳತೀರಲ್ಲ... ನಾ ಏನು ಮಾಡೀನ್ರಿ ನಿಮಗ?"

ಭರಮಪ್ಪ ದಡಕ್ಕನೆ ಎದ್ದ. "ಗಂಗೀ! ಎಲ್ಲಿ ಹೋಗಿದ್ದಿ ಇಷ್ಟು ದಿನ? ಯಾವಾಕೀನೋ ತಂದು ಮನ್ಯಾಗ ಇಟ್ಟಾರ. ಮಾತಿಲ್ಲ, ಕತಿಯಿಲ್ಲ, ರೊಟ್ಟಿ ಇಟ್ಟು ಹೋಗ್ತಾಳ."

"ಆಕಿ ನಾನ ರೀ."

ಅವನು ಅವಳ ಮುಖ ನೋಡಿದ, ಗುರುತು ಹತ್ತಲಿಲ್ಲ. ಕಣ್ಣು ಮುಚ್ಚಿ, "ಇನ್ನೊಂದು ಸಲ ಮಾತಾಡು" ಎಂದ. ಕೆಂಚಪ್ಪ ಗೋಡೆಯ ಕಡೆ ತಿರುಗಿ ನಿಂತರು.

ಸೋಮವಾರ ಬಂದ ಅಣ್ಣಂದಿರು ಉಂಡು, ತಂಗಿಯನ್ನು ಅಲ್ಲೇ ಬಿಟ್ಟು ಮರಳಿದರು. ನಾನು ಅಲ್ಲಿಂದ ವರ್ಗವಾಗುವವರೆಗೂ ಭರಮಪ್ಪನಿಗೆ ಮುಖಗಳ ಗುರುತು ಮರಳಲಿಲ್ಲ. ಆ ಕಾಯಿಲೆಗೆ ನಾನು ಬರೆದುಕೊಡಬಹುದಾದ ಔಷಧಿ ಯಾವುದೂ ಇರಲಿಲ್ಲ. ಮೆದುಳಿಗೆ ಪೆಟ್ಟಾದವನು ಬದಲಾಗಲಿ ಎಂದು ಮನೆಯವರು ಕಾಯುತ್ತಾರೆ. ಎಷ್ಟೋ ಸಲ ಅವನಿಂದ ಅದು ಆಗುವುದಿಲ್ಲ, ಬದಲಾಗಬೇಕಾದವರು ಮನೆಯವರೇ. ಅಂದಿನಿಂದ ನಾನು ರೋಗಿಯನ್ನು ಪರೀಕ್ಷಿಸಿ ಮುಗಿಸಿದ ಮೇಲೆ, ಬಾಗಿಲ ಬಳಿ ಸುಮ್ಮನೆ ನಿಂತವರನ್ನೂ ಒಳಗೆ ಕರೆದು ಮಾತನಾಡಿಸುತ್ತಿದ್ದೆ.