ದೊಡ್ಡಮ್ಮನ ಕುದುರೆ ಲೆಕ್ಕ

ಯಾರಾದರೂ ಹೊಸ ಕಾರು ತೋರಿಸಿ "ನೂರಾ ಹತ್ತು ಅಶ್ವಶಕ್ತಿ" ಎಂದು ಎದೆಯುಬ್ಬಿಸಿದರೆ ನನ್ನ ದೊಡ್ಡಮ್ಮ ಕಾರನ್ನು ನೋಡುವುದಿಲ್ಲ, ಹೇಳಿದವನ ಮುಖ ನೋಡುತ್ತಾಳೆ. "ಎಣಿಸಿದ್ಯಾರು?" ಎನ್ನುತ್ತಾಳೆ. ಹೀಗಾಗಿ ನಮ್ಮ ನೆಂಟರಲ್ಲಿ ಯಾರೂ ಹೊಸ ಗಾಡಿ ಕೊಂಡ ವಾರ ಆಕೆಯನ್ನು ಮನೆಗೆ ಕರೆಯುವುದಿಲ್ಲ.

ಇಪ್ಪತ್ತಾರು ವರ್ಷ ಆಕೆ ಕಾರು ಕಾರ್ಖಾನೆಯ ಟೆಸ್ಟ್ ರೂಮಿನಲ್ಲಿದ್ದಳು. ಎಂಜಿನ್ನನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು, ಪೂರ್ತಿ ವೇಗದಲ್ಲಿ ಓಡಿಸಿ, ಅದರ ಶಕ್ತಿ ಎಷ್ಟೆಂದು ಬರೆಯುವ ಕೆಲಸ. ಜಾಹೀರಾತಿಗೆ ಅಂಕಿ ಬೇಕಾದ ದಿನ ಮೇಲಿನವರು ಬಂದು ಫ್ಯಾನು ಬಿಚ್ಚಿಸುತ್ತಿದ್ದರು, ಡೈನಮೋ ಬಿಚ್ಚಿಸುತ್ತಿದ್ದರು, ಸೈಲೆನ್ಸರ್ ಕಳಚಿಸುತ್ತಿದ್ದರು. ಎಳೆಯುವ ಭಾರವೆಲ್ಲ ಕಳೆದುಕೊಂಡ ಎಂಜಿನ್ನು ಹತ್ತು ಹದಿನೈದು ಕುದುರೆ ಹೆಚ್ಚು ತೋರಿಸುತ್ತಿತ್ತು. ದೊಡ್ಡಮ್ಮ ಅಂಕಿಯ ಜೊತೆಗೆ ಏನೇನು ಬಿಚ್ಚಿದ್ದಾರೆಂದೂ ಬರೆಯುತ್ತಿದ್ದಳು. ಬೇಡ ಎಂದರು. ಬರೆದಳು. ಕೊನೆಗೆ ಉಗ್ರಾಣಕ್ಕೆ ಹಾಕಿ ನಟ್ಟು ಬೋಲ್ಟು ಎಣಿಸಲು ಕೂರಿಸಿದರು. ನಿವೃತ್ತಿಯಾಗುವವರೆಗೂ ಎಣಿಸಿದಳು, ಆದರೆ ಕ್ಷಮೆ ಮಾತ್ರ ಸುತರಾಂ ಕೇಳಲಿಲ್ಲ.

ಮನೆಯಲ್ಲಿ ಎಲ್ಲರೂ ಆಕೆಯದು ಮೊಂಡುತನ ಎಂದೇ ಮೂಗು ಮುರಿದರು, ನಾನೂ ಮುರಿದವಳೇ. ನನ್ನ ತಂಗಿಯ ತಲೆಯ ಮೇಲೆ ಗೂಬೆ ಕೂರಿಸಿದಾಗಲೇ ನನಗೆ ಬುದ್ಧಿ ಬಂದದ್ದು.

ತಂಗಿ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸುತ್ತಾಳೆ. ಹನ್ನೊಂದು ವರ್ಷದಲ್ಲಿ ಗಾಡಿಗೆ ಒಂದು ಗೀರು ಬಿದ್ದಿಲ್ಲ. ಹೊಸ ವ್ಯಾನು ಬಂದ ಎರಡನೇ ತಿಂಗಳಲ್ಲಿ ಎದೆನೋವಿನ ರೋಗಿಯೊಬ್ಬರನ್ನು ಕರೆತರುವಾಗ ಆಸ್ಪತ್ರೆಯ ಪುಸ್ತಕದಲ್ಲಿ ಎಂಟು ನಿಮಿಷ ಎಂದಿದ್ದ ಏರಿಗೆ ಹತ್ತು ನಿಮಿಷ ಹಿಡಿಯಿತು. ರೋಗಿ ಬದುಕಿಕೊಂಡರು. ಆದರೂ ದೂರು ಹೋಯಿತು. ವ್ಯಾನ್ ಕಂಪನಿಯ ಎಂಜಿನಿಯರು, "ತೊಂಬತ್ತು ಅಶ್ವಶಕ್ತಿಯ ಗಾಡಿ, ದೋಷವೇನೂ ಇಲ್ಲ, ಚಾಲಕಿಗೆ ಓಡಿಸಲು ಬರುವುದಿಲ್ಲ" ಎಂದು ಬರೆದುಕೊಟ್ಟ. ತಂಗಿಯನ್ನು ಅಮಾನತು ಮಾಡಿದರು. ಸೋಮವಾರ ವಿಚಾರಣೆ, ಅಲ್ಲಿ ತಪ್ಪು ಎಂದಾದರೆ ಕೆಲಸ ಹೋದಂತೆಯೇ. ಆ ವರದಿ ಓದಿ ನನಗೆ ಪಿತ್ತ ನೆತ್ತಿಗೇರಿತು. ದೊಡ್ಡಮ್ಮ ಮಾತ್ರ ತೊಂಬತ್ತು ಎಂಬಲ್ಲಿ ಬೆರಳಿಟ್ಟು, "ಇದನ್ನ ಎಣಿಸೋಣ" ಎಂದಳು.

ಆಸ್ಪತ್ರೆಯ ಸೂಪರಿಂಟೆಂಡೆಂಟರ ಹಿಂದೆ ಬಿದ್ದು ಒಂದು ಬೆಳಗಿನ ಮಟ್ಟಿಗೆ ವ್ಯಾನನ್ನೂ ತಂಗಿಯನ್ನೂ ಪಡೆದಳು. ಎಪ್ಪತ್ತೈದು ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದರೆ ಅದು ಒಂದು ಅಶ್ವಶಕ್ತಿ. ಹಾಗಾದರೆ ವ್ಯಾನಿನ ತೂಕ, ಏರಿದ ಎತ್ತರ, ಹಿಡಿದ ಸಮಯ ಗೊತ್ತಾದರೆ ಸಾಕು, ಯಾವ ಯಂತ್ರವೂ ಬೇಡ. ಎತ್ತರಕ್ಕೆಂದು ಗಾರೆ ಕೆಲಸದವನೊಬ್ಬನನ್ನು ಹಿಡಿದು, ಅವರು ಮಟ್ಟ ನೋಡುವ ನೀರಿನ ಪೈಪಿನಲ್ಲಿ ಏರುರಸ್ತೆಯ ನೇರ ಭಾಗದ ಎರಡು ಕಲ್ಲುಗಳ ನಡುವೆ ಎರಡು ದಿನ ಅಳೆಸಿದಳು. ಅರವತ್ತು ಮೀಟರ್. ತೂಕಕ್ಕೆ ಲಾರಿ ತೂಗುವ ಕಟ್ಟೆಗೆ ಹೋದೆವು. ಗುಮಾಸ್ತ ಕೂಗಿ ಹೇಳುವ ಅಂಕಿಯನ್ನು ನಂಬುವ ಜಾತಿಯಲ್ಲ ನಮ್ಮ ದೊಡ್ಡಮ್ಮ. ಇಳಿದು ಹೋಗಿ ಅವನ ಕಿಟಕಿಯೊಳಗೆ ತಲೆ ತೂರಿಸಿ ತಾನೇ ಓದಿದಳು. ಸರಿಯಾಗಿ ಎರಡು ಸಾವಿರ ಕಿಲೋ. ಆಮೇಲೆ ತಂಗಿ ಓಡಿಸಿದಳು, ದೊಡ್ಡಮ್ಮ ಪಕ್ಕದಲ್ಲಿ, ನಾನು ಹಿಂದೆ ಸ್ಟಾಪ್ ವಾಚು ಹಿಡಿದು. ಒಂದೇ ವೇಗದಲ್ಲಿ, ಪೆಡಲು ಪೂರ್ತಿ ಒತ್ತಿ, ಆರು ಸಲ. ಆರು ಸಲವೂ ಮೂವತ್ತು ಸೆಕೆಂಡು.

ಸೋಮವಾರ ದೊಡ್ಡಮ್ಮ ಸೂಪರಿಂಟೆಂಡೆಂಟರ ಮೇಜಿನ ಮೇಲೆ ಹಾಳೆ ಹರಡಿದಳು. ಏರಿಗೆ ಐವತ್ಮೂರು ಕುದುರೆ, ಗಾಳಿಗೂ ಟೈರಿಗೂ ಒಂಬತ್ತು, ಗೇರ್ ಬಾಕ್ಸು ತಿಂದುಹಾಕುವುದು ಹನ್ನೊಂದು. "ಎಪ್ಪತ್ಮೂರು ಸಾರ್. ತೊಂಬತ್ತಲ್ಲ."

ಎಂಜಿನಿಯರು ಹಾಳೆ ತಿರುವಿ ಹಾಕಿ ನನ್ನ ಕಡೆ ತಿರುಗಿದ. "ತೂಕ ಹಾಕೋವಾಗ ವ್ಯಾನೊಳಗೆ ಯಾರ್ಯಾರಿದ್ರಿ?"

"ನಾನು, ನನ್ನ ತಂಗಿ."

"ಇವರು?"

ಇದ್ದದ್ದನ್ನು ಹೇಳಲೇಬೇಕಾಯಿತು. ತೂಗುವಾಗ ದೊಡ್ಡಮ್ಮ ಗುಮಾಸ್ತನ ಕಿಟಕಿಯ ಹತ್ತಿರ ನಿಂತಿದ್ದಳು! ಯಾರನ್ನೂ ನಂಬದೆ ಇಳಿದುಹೋಗಿ ತನ್ನನ್ನೇ ಲೆಕ್ಕದಿಂದ ಬಿಟ್ಟಿದ್ದಳು. ಎಂಜಿನಿಯರು ಕಿಸಕ್ಕನೆ ನಕ್ಕ. "ನೋಡಿ ಸಾರ್, ಇವರ ಲೆಕ್ಕ ಇಷ್ಟೇ." ತಂಗಿ ತಲೆ ತಗ್ಗಿಸಿದಳು.

"ತಪ್ಪು ನಂದೇ" ಎಂದವಳೇ ದೊಡ್ಡಮ್ಮ ಎದ್ದು, ಹೊರಗಿನ ಪಡಸಾಲೆಯಲ್ಲಿ ರೋಗಿಗಳನ್ನು ತೂಗುವ ಯಂತ್ರದ ಮೇಲೆ ಎಲ್ಲರೆದುರು ಹತ್ತಿ ನಿಂತಳು. ಮನೆಯಲ್ಲಿ ವರ್ಷಗಟ್ಟಲೆ ಅರವತ್ತೈದು ಎಂದು ಸಾಧಿಸಿಕೊಂಡು ಬಂದವಳು. "ಎಪ್ಪತ್ತೈದು," ಗಟ್ಟಿಯಾಗಿ ಓದಿದಳು. "ಬರ್ಕೊಳ್ಳೇ, ಏನ್ ಬಾಯಿ ಬಿಟ್ಕೊಂಡು ನೋಡ್ತಿದ್ದೀಯ?"

ಬರೆದುಕೊಂಡೆ. ಹೊಸ ತೂಕ ಸೇರಿಸಿದರೆ ಎರಡು ಕುದುರೆ ಹೆಚ್ಚಾದವು. ಒಟ್ಟು ಎಪ್ಪತ್ತೈದು. ದೊಡ್ಡಮ್ಮ ಹಳೆಯ ಅಂಕಿಗೆ ಗೀಟು ಹಾಕಿ, ಪಕ್ಕದಲ್ಲಿ ಹೊಸದನ್ನು ಬರೆದು, ಎಂಜಿನಿಯರನ ಮುಂದಿಟ್ಟಳು. "ನಿಮಗೆ ಎರಡು ಕುದುರೆ ವಾಪಸ್ ಕೊಟ್ಟಿದ್ದೀನಿ. ಉಳಿದ ಹದಿನೈದು ನೀವು ತೋರ್ಸಿ."

"ಓಡಿಸೋರು ಸರಿಯಾಗಿ ಓಡಿಸಿದ್ರೆ ತೋರ್ಸುತ್ತೆ" ಎಂದ ಅವನು.

"ಹಾಗಾದ್ರೆ ಬನ್ನಿ, ನೀವೇ ಓಡಿಸಿ."

ಸೂಪರಿಂಟೆಂಡೆಂಟರೂ ಎದ್ದರು. ಅವನು ಓಡಿಸಿದ, ತಂಗಿ ಪಕ್ಕದಲ್ಲಿ ಕೂತಳು, ನಾನು ಹಿಂದೆ ಕೂತೆ, ದೊಡ್ಡಮ್ಮ ಇಳಿದು, ವ್ಯಾನು ದಾಟುವಾಗ ಕೈ ಬೀಸಲು ಕೆಳಗಿನ ಕಲ್ಲಿನ ಬಳಿ ನಿಂತಳು. ಭಾರ ಹೆಚ್ಚುಕಡಿಮೆ ಅಷ್ಟೇ. ಸೂಪರಿಂಟೆಂಡೆಂಟರೇ ಮೇಲಿನ ಕಲ್ಲಿನ ಬಳಿ ವಾಚು ಹಿಡಿದು ನಿಂತರು. ಮೂವತ್ತೊಂದು ಸೆಕೆಂಡು! ಎಂಜಿನಿಯರನ ಮುಖ ಹುಳ್ಳಗಾಯಿತು. ನನಗೆ ಕುಣಿದಾಡುವಷ್ಟು ಖುಷಿಯಾಯಿತು, ಮುಚ್ಚಿಡುವುದೇಕೆ.

ಆದರೆ ರೂಮಿಗೆ ಮರಳಿದ ಮೇಲೆ ಸೂಪರಿಂಟೆಂಡೆಂಟರು ರಾಗ ಬದಲಿಸಿದರು. "ನೋಡಮ್ಮ, ಕಂಪನಿ ಜೊತೆ ರಗಳೆ ಯಾಕೆ? ಹೊಸ ಗಾಡಿ, ಅಭ್ಯಾಸ ಇರ್ಲಿಲ್ಲ ಅಂತ ಒಂದು ಸಾಲು ಬರೆದು ಸಹಿ ಹಾಕು. ಇವತ್ತೇ ಡ್ಯೂಟಿಗೆ ಬಾ."

ಕೆಲಸ ಕೈಗೆ ಬಂದೇಬಿಟ್ಟಿತ್ತು. ಸಹಿ ಹಾಕೇ ಮಾರಾಯ್ತಿ ಎಂದು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ತಂಗಿ ಪೆನ್ನನ್ನು ಮೇಜಿನ ಮೇಲೆಯೇ ಹಿಂದಕ್ಕೆ ತಳ್ಳಿದಳು.

"ನಂಗೆ ಅಭ್ಯಾಸ ಇತ್ತು ಸಾರ್. ನಾನು ಚೆನ್ನಾಗೇ ಓಡಿಸಿದ್ದೆ."

ಅಷ್ಟರಲ್ಲಿ ಫೋನು ಬಂತು. ಕೆಳಗೆ ಬಸ್ ನಿಲ್ದಾಣದಲ್ಲಿ ಹೆಂಗಸೊಬ್ಬಳಿಗೆ ಹೆರಿಗೆ ನೋವು. ಇನ್ನೊಬ್ಬ ಚಾಲಕ ರಜೆಯಲ್ಲಿದ್ದ. ಸೂಪರಿಂಟೆಂಡೆಂಟರು ಕೀಲಿಯನ್ನು ಎತ್ತಿ ಮೊದಲು ಎಂಜಿನಿಯರನ್ನು ನೋಡಿದರು. ಅವನು ತನ್ನ ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದ. ಆಮೇಲೆ ತಂಗಿಯ ಕಡೆ ಚಾಚಿದರು.

ಅವಳು ಕೀಲಿ ಕಿತ್ತುಕೊಂಡಂತೆ ತೆಗೆದುಕೊಂಡು, ಆಗಲೇ ಓಡುತ್ತಾ, ಬಾಗಿಲಿನಿಂದ ಕೂಗಿದಳು: "ಏರೋಕೆ ಹತ್ತು ನಿಮಿಷ ಆಗುತ್ತೆ ಸಾರ್, ಎಂಟಲ್ಲ! ನಾನು ಬರೋದ್ರೊಳಗೆ ಬರೆದಿಡಿ!"

ಸೂಪರಿಂಟೆಂಡೆಂಟರು ಮುಚ್ಚಿದ ಬಾಗಿಲನ್ನು ನೋಡಿದರು, ದೊಡ್ಡಮ್ಮನನ್ನು ನೋಡಿದರು, ಪೆನ್ನು ಎತ್ತಿಕೊಂಡು, ಪುಸ್ತಕದಲ್ಲಿ ಎಂಟಕ್ಕೆ ಗೀಟು ಹಾಕಿ ಹತ್ತು ಎಂದು ಬರೆದರು.